ಮಸುಕು ಹಾದಿಗಳಲ್ಲಿ ವಸಂತದ ಶಿಖರ ಚಾರಣ

ಗುರುತುಫಲಕಗಳಿಲ್ಲದ, ಹುಲ್ಲು ಕಲ್ಲುಗಳ ನಡುವೆ ಕಂಡೂ ಕಾಣದಂತಿರುವ ಕಾಲುಹಾದಿಯಲ್ಲಿ ಶಿಖರ ಏರಲು ಹೊರಡುವವರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ದಾರಿ ತಪ್ಪುವ ಅಪಾಯ ಇಳಿಯುವಾಗಲೇ ಹೆಚ್ಚು. ಏರುವಾಗ ಬೆಟ್ಟದ ಏಣುಗಳೆಲ್ಲ (ಎರಡೂ ಬದಿಗೆ ಇಳಿಜಾರಿರುವ, ಬೆನ್ನಿನಂತೆ ಉದ್ದಕ್ಕೆ ಚಾಚಿದ ಎತ್ತರದ ನೆಲ) ತುದಿಯ ಕಡೆಗೆ ಒಂದುಗೂಡುತ್ತಾ ಹೋಗುವುದರಿಂದ, ನಡುವೆ ಹಾದಿ ಕೈತಪ್ಪಿದರೂ ನಾವು ಶಿಖರದತ್ತಲೇ ಸಾಗುತ್ತಿರುತ್ತೇವೆ. ಇಳಿಯುವಾಗ ಅದೇ ಏಣುಗಳು ಕವಲೊಡೆಯುತ್ತವೆ. ತುದಿಯಲ್ಲಿ ಕೆಲವೇ ಹೆಜ್ಜೆಗಳ ಅಂತರದಲ್ಲಿದ್ದ ಎರಡು ಏಣುಗಳು ಬುಡದಲ್ಲಿ ಬೇರೆ ಬೇರೆ ಕಣಿವೆಗಳನ್ನು ಮುಟ್ಟುತ್ತವೆ. ಆದಕಾರಣ ಏರುವಾಗಲೇ ಇಳಿಯುವ ದಾರಿಯನ್ನು ಮನನ ಮಾಡಿಕೊಳ್ಳುವುದು ಇಂಥ ಚಾರಣದ ಮುಖ್ಯ ಕೆಲಸ.

ಆ ಕೆಲಸ ಹಿಂದಿನ ದಿನ ನಕ್ಷೆಯ ಮುಂದೆ ಕುಳಿತಾಗಲೇ ಆರಂಭವಾಗಬೇಕು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಿರುವ ನಕ್ಷೆಯಲ್ಲಿ ರೇಖೆಗಳು ಒತ್ತಾಗಿರುವಲ್ಲಿ ಇಳಿಜಾರು ಕಡಿದಾಗಿರುತ್ತದೆ, ದೂರದೂರವಿರುವಲ್ಲಿ ನೆಲ ಸೌಮ್ಯವಾಗಿರುತ್ತದೆ. ರೇಖೆಗಳ ಬಾಗಿದ ಮೊನೆ ಎತ್ತರದ ಕಡೆಗೆ ಚಾಚಿದ್ದರೆ ಅದು ಕೊರಕಲು ಅಥವಾ ಕಣಿವೆ, ತಗ್ಗಿನ ಕಡೆಗೆ ಚಾಚಿದ್ದರೆ ಏಣು. ಮಸುಕು ಹಾದಿಯನ್ನು ನೆಚ್ಚಿ ಹೊರಡುವಾಗ ಆದಷ್ಟೂ ಏಣಿನ ಮೇಲೆಯೇ ಸಾಗುವ ಮಾರ್ಗವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹಾದಿ ಅಳಿಸಿಹೋದರೂ ನೆಲದ ಆಕಾರವೇ ದಿಕ್ಕು ಹೇಳುತ್ತದೆ.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತವಾಗಿದೆ: ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ 900 ಮೀಟರ್ ಏರಿರುವ 12 ಕಿ.ಮೀ. ದಾರಿಗೆ ಸುಮಾರು ನಾಲ್ಕು ಗಂಟೆ ಬೇಕು. ಆದರೆ ಇದು ವಿಶ್ರಾಂತಿಯಿಲ್ಲದ, ಸ್ಪಷ್ಟ ಹಾದಿಯ ಲೆಕ್ಕ. ದಾರಿ ಹುಡುಕುತ್ತಾ ನಡೆಯುವವರು ಇದಕ್ಕೆ ಕನಿಷ್ಠ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಒಂದೇ ದಿನ ಎರಡು ಮೂರು ಶಿಖರಗಳನ್ನು ಮುಟ್ಟುವುದಾದರೆ, ನಡುವಿನ ತಗ್ಗುಗಳಿಗೆ ಇಳಿದು ಮತ್ತೆ ಏರುವ ಎತ್ತರವನ್ನೂ ಕೂಡಿಸಲು ಮರೆಯಬಾರದು.

ಎತ್ತರದ ಪರ್ವತಗಳಲ್ಲಿ ವಸಂತವೆಂದರೆ ಎರಡು ಋತುಗಳು ಒಂದೇ ದಿನ ಎದುರಾಗುವ ಕಾಲ. ಗಾಳಿಯ ಉಷ್ಣತೆ ಸರಾಸರಿ ಪ್ರತಿ 1,000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವುದರಿಂದ, ಬುಡದಲ್ಲಿ ಹೂ ಅರಳಿದ್ದರೂ ತುದಿಯಲ್ಲಿ ಹಿಮ ಉಳಿದಿರಬಹುದು. ಉತ್ತರ ಗೋಳಾರ್ಧದಲ್ಲಿ ಬಿಸಿಲು ಕಡಿಮೆ ಬೀಳುವ ಉತ್ತರದ ಇಳಿಜಾರುಗಳಲ್ಲಿ ಅದು ಹೆಚ್ಚು ದಿನ ಕರಗದೆ ನಿಲ್ಲುತ್ತದೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗ್ಗೆ ಗಟ್ಟಿಯಾಗಿ, ಜಾರುವಂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿ ಮೊಣಕಾಲವರೆಗೂ ಕಾಲು ಹೂತುಹೋಗುತ್ತದೆ. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ದಾಟಿದ ತೊರೆ, ಹಗಲೆಲ್ಲ ಕರಗಿದ ನೀರು ಸೇರಿ ಸಂಜೆಗೆ ಉಕ್ಕಿರಬಹುದು. ಏಣಿನ ಗಾಳಿಮರೆಯ ಅಂಚಿನಲ್ಲಿ ಗಾಳಿಯಿಂದ ಕಟ್ಟಿದ ಹಿಮದ ಚಾಚು ಕೆಳಗೆ ಆಧಾರವಿಲ್ಲದೆ ತೂಗಾಡುತ್ತಿರುತ್ತದೆ. ಅದರ ಮೇಲಾಗಲಿ, ಅಡಿಯಲ್ಲಾಗಲಿ ನಡೆಯಬಾರದು. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಸಂಭವಿಸುವುದರಿಂದ, ಅಂಥ ಕಡೆ ಒದ್ದೆ ಹಿಮವಿದ್ದರೆ ಬೇರೆ ದಾರಿ ಹಿಡಿಯಬೇಕು ಇಲ್ಲವೇ ಹಿಂದಿರುಗಬೇಕು. ಈ ಎಲ್ಲ ಕಾರಣಗಳಿಂದ ಸೂರ್ಯೋದಯಕ್ಕೇ ನಡಿಗೆ ಆರಂಭಿಸುವುದು ಕ್ಷೇಮ.

ಬೆಳಗಿನ ಓರೆ ಬಿಸಿಲಿಗೆ ಇನ್ನೊಂದು ಗುಣವಿದೆ: ಸವೆದು ತಗ್ಗಾದ ಹಾದಿಯಲ್ಲಿ ನೆರಳು ಬಿದ್ದು, ನಡುಹಗಲಿನಲ್ಲಿ ಕಾಣದ ಗೆರೆ ಎದ್ದು ಕಾಣುತ್ತದೆ. ಪಾದದ ಬಳಿಯೇ ಹುಡುಕದೆ ಇಪ್ಪತ್ತು ಮೂವತ್ತು ಹೆಜ್ಜೆ ಮುಂದೆ ನೋಡಿದರೆ ಹಾದಿಯ ಜಾಡು ಸುಲಭವಾಗಿ ಸಿಗುತ್ತದೆ. ನುಣುಪಾದ ಬಂಡೆ, ಕತ್ತರಿಸಿದ ಕೊಂಬೆಯ ತುದಿ, ಹಳೆಯ ಕಲ್ಲುಗುಪ್ಪೆ, ಇವು ಮನುಷ್ಯರು ನಡೆದ ಗುರುತುಗಳು. ಪ್ರಾಣಿಗಳ ಜಾಡು ತಗ್ಗಾದ ಕೊಂಬೆಗಳ ಅಡಿ ನುಸುಳಿ, ಮೇವು ಅಥವಾ ನೀರಿನ ಬಳಿ ಹಲವು ಎಳೆಗಳಾಗಿ ಚದುರಿಹೋಗುತ್ತದೆ. ಹಿಮದ ಹಾಸು ಹಾದಿಯನ್ನು ಮುಚ್ಚಿದ್ದರೆ, ದಾಟುವ ಮೊದಲು ಆಚೆ ದಡದಲ್ಲಿ ಅದು ಎಲ್ಲಿ ಮತ್ತೆ ಮೇಲೇಳುತ್ತದೆಂದು ಕಣ್ಣಲ್ಲೇ ಹುಡುಕಬೇಕು. ಗುರುತು ಪೂರ್ತಿ ಕಳೆದುಹೋದಾಗ ಮುಂದೆ ಸಿಕ್ಕೀತೆಂದು ನಡೆಯುತ್ತಲೇ ಹೋಗದೆ, ಖಚಿತವಾಗಿದ್ದ ಕೊನೆಯ ಜಾಗಕ್ಕೆ ಹಿಂದಿರುಗಬೇಕು.

ಪ್ರತಿ ಕವಲಿನಲ್ಲಿ, ಮರಗಳ ಸಾಲು ಮುಗಿಯುವಲ್ಲಿ, ಏಣನ್ನು ಸೇರುವಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿರಿ. ಇಳಿಯುವಾಗ ಕಾಣುವುದು ಆ ನೋಟವೇ. ಏರುವಾಗ ಎದುರಿಗಿದ್ದ ನೋಟಕ್ಕೂ ಅದಕ್ಕೂ ಹೋಲಿಕೆಯೇ ಇರುವುದಿಲ್ಲ. ಆ ಕಡೆಗೆ ಒಂದು ಚಿತ್ರ ತೆಗೆದು, ವೇಳೆಯನ್ನೂ ಏರುತ್ತಿರುವ ದಿಕ್ಕಿಗೆ ದಿಕ್ಸೂಚಿ ತೋರುವ ಅಂಶವನ್ನೂ (ಡಿಗ್ರಿ) ಬರೆದಿಟ್ಟುಕೊಂಡರೆ ಮಂಜು ಕವಿದಾಗ ನೆರವಾಗುತ್ತದೆ: ಏರಿದ ದಿಕ್ಕಿನ ಅಂಶಕ್ಕೆ 180 ಕೂಡಿಸಿದರೆ, ಅಥವಾ ಅದು 180ಕ್ಕಿಂತ ಹೆಚ್ಚಿದ್ದರೆ 180 ಕಳೆದರೆ, ಹಿಂದಿರುಗುವ ದಿಕ್ಕು ಸಿಗುತ್ತದೆ. ಮೊಬೈಲ್ ಜಾಲವಿಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಚಳಿಗೆ ಬ್ಯಾಟರಿ ಬೇಗ ಕುಗ್ಗುವುದರಿಂದ ಫೋನನ್ನು ಒಳಜೇಬಿನಲ್ಲಿಡಬೇಕು. ಕಾಗದದ ನಕ್ಷೆ ಮತ್ತು ದಿಕ್ಸೂಚಿಗೆ ಅದು ಬದಲಿಯಾಗದು.

ಉಡುಪಿನ ವಿಷಯದಲ್ಲಿ ಒಂದೇ ಮಾತು ಸಾಕು: ಒದ್ದೆಯಾದ ಹತ್ತಿಬಟ್ಟೆ ಮೈಶಾಖವನ್ನು ಹೀರುತ್ತದೆ, ಉಣ್ಣೆ ಅಥವಾ ಸಿಂಥೆಟಿಕ್ ಪದರಗಳು ಲೇಸು. ಮಳೆಗಾಳಿ ತಡೆಯುವ ಹೊದಿಕೆ, ಹೆಡ್‌ಲ್ಯಾಂಪ್, ಸೀಟಿ ಬೇಕೇ ಬೇಕು. ಹೊಸ ಹಿಮ ಅತಿನೇರಳೆ ಕಿರಣಗಳನ್ನು ಶೇ. 80ರವರೆಗೂ ಪ್ರತಿಫಲಿಸುವುದರಿಂದ ತಂಪು ಕನ್ನಡಕವೂ ಅಗತ್ಯ.

ಶಿಖರ ಸಿಕ್ಕಿದ್ದರೂ ಸಿಗದಿದ್ದರೂ ಹಿಂದಿರುಗುವ ವೇಳೆಯನ್ನು ಮನೆಯಲ್ಲೇ ನಿಗದಿ ಮಾಡಿ ಅದನ್ನು ಪಾಲಿಸಬೇಕು. ಗುಡುಗು ಕೇಳಿಸಿದರೆ ಆ ವೇಳೆಗೂ ಕಾಯದೆ ಏಣಿನಿಂದ ಇಳಿಯಬೇಕು. ತುದಿಯಿಂದ ಮೊದಲ ಹೆಜ್ಜೆ ಇಡುವ ಮುನ್ನ ದಿಕ್ಸೂಚಿಯನ್ನು ನಕ್ಷೆಯೊಂದಿಗೆ ತಾಳೆ ನೋಡಿರಿ. ಇಳಿಯುತ್ತಾ ದಾರಿ ತಪ್ಪಿದೆಯೆಂದು ತಿಳಿದಾಗ ದಣಿದ ಕಾಲುಗಳು ಕೊರಕಲಿನತ್ತ ಎಳೆಯುತ್ತವೆ, ನೀರು ಹರಿದ ಕಡೆ ಊರು ಸಿಕ್ಕೀತೆಂಬ ಆಸೆಯೂ ಹುಟ್ಟುತ್ತದೆ. ಆದರೆ ಕೊರಕಲುಗಳು ಅನೇಕ ವೇಳೆ ಜಲಪಾತದ ಅಂಚಿನಲ್ಲಿ ಮುಗಿಯುತ್ತವೆ; ಎಷ್ಟೇ ಬೇಸರವಾದರೂ ಮತ್ತೆ ಏಣಿನ ಮೇಲಕ್ಕೆ ಏರುವುದೇ ಸರಿ.

ಕರಗಿದ ನೀರಿನಿಂದ ನೆನೆದ ನೆಲ ಈ ಕಾಲದಲ್ಲಿ ಬಹಳ ಮೆದುವಾಗಿರುತ್ತದೆ. ಹಾದಿಯಿರುವಲ್ಲಿ ಕೆಸರಾದರೂ ಅದರ ನಡುವೆಯೇ ನಡೆಯಿರಿ. ಹಾದಿಯೇ ಇಲ್ಲದಲ್ಲಿ ಜೊತೆಗಾರರು ಚದುರಿ ನಡೆದರೆ ಎಳೆಯ ಗಿಡಗಳು ಉಳಿಯುತ್ತವೆ. ಹೊಸದಾಗಿ ಕಲ್ಲುಗುಪ್ಪೆ ಕಟ್ಟುವುದು ಬೇಡ, ಅದು ನಂತರ ಬರುವವರ ದಾರಿ ತಪ್ಪಿಸಬಹುದು.

ಹೊರಡುವ ಮೊದಲು ಮಾರ್ಗ, ಇಳಿಯುವ ಸ್ಥಳ, ಮರಳುವ ವೇಳೆ ಮತ್ತು ಎಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ರಕ್ಷಣಾ ಸಿಬ್ಬಂದಿಗೆ ತಿಳಿಸಬೇಕೆಂಬುದನ್ನು ಒಬ್ಬರಿಗೆ ಬರೆದುಕೊಟ್ಟು ಹೋಗಿರಿ, ಇಳಿದ ಕೂಡಲೇ ಅವರಿಗೆ ಕರೆಮಾಡಿರಿ.