ಎಣ್ಣೆಗೆ ಚೆಂಡು ಹೂವಿನ ಬಣ್ಣ ಇಳಿಸಿ ಮನೇಲೇ ಸೋಪು ಮಾಡೋದು

ಮೊದಲನೇ ಸಲ ಸೋಪು ಮಾಡಿದಾಗ ಚೆಂದ ಕಾಣ್ಲಿ ಅಂತ ಮೇಲೆಲ್ಲಾ ಒಣ ಗುಲಾಬಿ ಎಸಳು ಉದುರಿಸಿದ್ದೆ, ಮೂರು ದಿನ ಬಿಟ್ಟು ನೋಡಿದ್ರೆ ಎಲ್ಲಾ ಕಂದು ಬಣ್ಣಕ್ಕೆ ತಿರುಗಿ, ನಮ್ಮಮ್ಮ ಬಂದು "ಇದರ ಮೇಲೆ ಇಲಿ ಓಡಾಡೈತೇನೇ" ಅಂದ್ಲು. ಆಮೇಲೆ ಗೊತ್ತಾಯ್ತು, ಆರತಿ ನೀರಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವಾ, ಅದೇ ಲೆಕ್ಕ ಇಲ್ಲೂ. ಎಣ್ಣೆ ಸೋಪಾಗ್ಲಿ ಅಂತ ಹಾಕೋ ಕಾಸ್ಟಿಕ್ ಸೋಡಾ ಸುಣ್ಣಕ್ಕಿಂತ ಜೋರು ಕ್ಷಾರ. ಗುಲಾಬಿ, ದಾಸವಾಳ, ಶಂಖಪುಷ್ಪ ಇವುಗಳ ಬಣ್ಣ ನೀರಿಗೆ ಇಳಿಯೋ ಬಣ್ಣ, ಎಣ್ಣೆಗೆ ಬರೋದೇ ಇಲ್ಲ, ಬಂದ್ರೂ ಕ್ಷಾರಕ್ಕೆ ತಡ್ಕೊಳಲ್ಲ. ಚೆಂಡು ಹೂವಿನ ಹಳದಿ ಹಂಗಲ್ಲ, ಅದು ಎಣ್ಣೆಗೇ ಇಳಿಯುತ್ತೆ, ಸೋಪಲ್ಲೂ ಉಳಿಯುತ್ತೆ. ಇನ್ನು ಮಲ್ಲಿಗೆ, ಸಂಪಿಗೆ ಹಾಕಿ ಘಮ ಬರುತ್ತೆ ಅಂತ ಕಾಯ್ಬೇಡ್ರಿ, ಬರಲ್ಲ.

ಹೂವಿಗೆ ನಮ್ಮ ಕಡೆ ಬರ ಇಲ್ಲ, ಆಯುಧಪೂಜೆ ಟೈಮಲ್ಲಂತೂ ದಾವಣಗೆರೆ ಮಾರ್ಕೆಟ್ಟಲ್ಲಿ ರಾಶಿ ರಾಶಿ. ಆದ್ರೆ ಟ್ರ್ಯಾಕ್ಟರಿಗೆ ಕಟ್ಟಿದ ಹಾರ ಬಿಚ್ಕೊಂಡು ಬರಬೇಡ್ರಿ ಮತ್ತೆ, ಧೂಳು, ಕುಂಕುಮ, ಡೀಸೆಲ್ ಎಲ್ಲಾ ಇರುತ್ತೆ. ಔಷಧಿ ಹೊಡೀದೇ ಇರೋ ಹೂ ಗೊತ್ತಿರೋ ರೈತರ ಹತ್ರ ಕೇಳಿ ತಗೊಳ್ರಿ, ಇಲ್ಲಾ ಹಿತ್ತಲಲ್ಲಿ ನಾಲ್ಕು ಗಿಡ ಹಾಕ್ರಿ. ಇನ್ನೊಂದು, ಕಾಂಗ್ರೆಸ್ ಗಿಡದ ಅಲರ್ಜಿ ಇರೋರು ನಮ್ಮ ಕಡೆ ಬಹಳ ಜನ ಅದಾರೆ, ಚೆಂಡು ಹೂ, ಸೇವಂತಿಗೆ ಎರಡೂ ಅದೇ ಕುಟುಂಬದ ಗಿಡ, ಅಂಥೋರು ಈ ಸೋಪಿನ ಸಹವಾಸಕ್ಕೆ ಹೋಗ್ದೇ ಇರೋದೇ ಒಳ್ಳೇದು.

ಬುಡದ ಹಸಿರು ತೊಟ್ಟು ಕಿತ್ತು ಬಿಸಾಕಿ ಎಸಳು ಮಾತ್ರ ಬಿಡಿಸ್ಕೊಳ್ರಿ. ತೇವ ಅಡಗಿ ಕೂರೋದು ಆ ತೊಟ್ಟಲ್ಲೇ. ಬಿಸಿಲಿಗೆ ಹಾಕಿದ್ರೆ ಬಣ್ಣ ಸತ್ತೋಗುತ್ತೆ, ನೆರಳಲ್ಲಿ ಹಳೇ ಪಂಚೆ ಮೇಲೆ ಹರವಿ ಒಣಗಿಸ್ರಿ, ಒಂದು ವಾರ ಸಾಕು, ಮುರಿದ್ರೆ ಪಟಕ್ ಅನ್ಬೇಕು. ಒಂದು ಕೆಜಿ ಹೂವಿಗೆ ನೂರು ಗ್ರಾಂ ಒಣ ಎಸಳು ಸಿಕ್ರೆ ಹೆಚ್ಚು. ಸ್ವಲ್ಪ ಹಸಿ ಉಳಿದ್ರೂ ಎಣ್ಣೆ ಕಮಟು ಹಿಡಿಯುತ್ತೆ ಇಲ್ಲಾ ಬೂಸ್ಟು ಬರುತ್ತೆ.

ಎಣ್ಣೆ ನಾನು ಶೇಂಗಾ ಎಣ್ಣೇನೇ ಬಳಸೋದು, ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇಟ್ಕೊಂಡು ಆಲಿವ್ ಆಯಿಲ್‌ಗೆ ಯಾಕೆ ದುಡ್ಡು ಸುರೀಬೇಕು? ಹೊಸ ಎಣ್ಣೆ ಆಗಿರ್ಬೇಕು ಅಷ್ಟೇ. 300 ಗ್ರಾಂ ಎಣ್ಣೆಗೆ 30 ಗ್ರಾಂ ಎಸಳು ಒಣಗಿದ ಗಾಜಿನ ಬಾಟ್ಲಿಗೆ ಹಾಕಿ, ಎಸಳು ಮುಳುಗಿರ್ಬೇಕು, ಕಪ್ಪು ಬಟ್ಟೆ ಸುತ್ತಿ ಅಟ್ಟದ ಮೇಲೆ ನಾಲ್ಕು ವಾರ ಇಟ್ಟು ಎರಡು ದಿನಕ್ಕೊಮ್ಮೆ ಅಲ್ಲಾಡಿಸ್ರಿ. ಅಷ್ಟು ತಾಳ್ಮೆ ಇಲ್ಲ ಅಂದ್ರೆ ಪಾತ್ರೆ ತಳಕ್ಕೆ ಬಟ್ಟೆ ಹಾಕಿ ನೀರಿಟ್ಟು ಅದರೊಳಗೆ ಬಾಟ್ಲಿ ನಿಲ್ಸಿ ಸಣ್ಣ ಉರೀಲಿ ಮೂರು ಗಂಟೆ ಬಿಡ್ರಿ, ನೀರು ಕೊತಕೊತ ಕುದೀಬಾರ್ದು, ಎಣ್ಣೆಗೆ ಒಂದು ಹನಿ ನೀರೂ ಬೀಳಬಾರ್ದು. ನೇರ ಒಲೆ ಮೇಲೆ ಮಾತ್ರ ಇಡಬೇಡ್ರಿ, ಎಸಳು ಹುರಿದೋಗುತ್ತೆ. ಆಮೇಲೆ ಪಂಚೆ ಬಟ್ಟೇಲಿ ಸೋಸಿ ಹಿಂಡ್ರಿ. ಎಸಳು ಒಂದಿಷ್ಟು ಎಣ್ಣೆ ಕುಡ್ಕೊಂಡಿರುತ್ತೆ, ಹಂಗಾಗಿ ಸೋಸಿದ ಮೇಲೇ ತೂಕ ಮಾಡ್ಬೇಕು.

ನನ್ನ ಅಳತೆ: ಈ ಎಣ್ಣೆ 250 ಗ್ರಾಂ, ಕೊಬ್ಬರಿ ಎಣ್ಣೆ 200, ಹರಳೆಣ್ಣೆ 50, ನೀರು 150, ಕಾಸ್ಟಿಕ್ ಸೋಡಾ 72 ಗ್ರಾಂ. ಹೂ ಹಾಕಿದ್ರಿಂದ ಕಾಸ್ಟಿಕ್ ಲೆಕ್ಕ ಬದಲಾಗಲ್ಲ, ಆದ್ರೆ ಎಣ್ಣೆ ಬದಲಾಯಿಸಿದ್ರೆ ಬದಲಾಗುತ್ತೆ, ಕೊಬ್ಬರಿ ಎಣ್ಣೆಗೆ ಶೇಂಗಾಗಿಂತ ಜಾಸ್ತಿ ಬೇಕು. ಡಿಜಿಟಲ್ ತಕ್ಕಡಿ ಇಲ್ದೇ ಕೈ ಹಾಕ್ಲೇಬೇಡ್ರಿ. ಗ್ಲೌಸು, ಕನ್ನಡಕ ಹಾಕ್ಕೊಂಡು, ಮಕ್ಕಳನ್ನ ದೂರ ಇಟ್ಟು, ಗಾಳಿ ಆಡೋ ಜಾಗದಲ್ಲಿ ನೀರಿಗೆ ಕಾಸ್ಟಿಕ್ ಹಾಕ್ಬೇಕು, ಕಾಸ್ಟಿಕ್ ಮೇಲೆ ನೀರು ಸುರಿದ್ರೆ ಮುಖಕ್ಕೇ ಸಿಡಿಯುತ್ತೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಅದನ್ನ ತಿಂದಾಕಿ ಬೆಂಕಿ ಹತ್ತೋ ಗ್ಯಾಸ್ ಬಿಡುತ್ತೆ, ಸ್ಟೀಲ್ ತಗೊಳ್ರಿ.

ಮೂರೂ ಎಣ್ಣೆ ಒಟ್ಟಿಗೆ ಸೇರಿಸಿ, ಆ ಎಣ್ಣೆ, ಕಾಸ್ಟಿಕ್ ನೀರು ಎರಡೂ ಉಗುರು ಬೆಚ್ಚಗಾದ ಮೇಲೆ ಕಾಸ್ಟಿಕ್ ನೀರನ್ನ ಎಣ್ಣೆಗೆ ಸುರಿದು ಹ್ಯಾಂಡ್ ಬ್ಲೆಂಡರಲ್ಲಿ ತಿರುಗಿಸ್ರಿ, ತೆಳ್ಳಗಿನ ದೋಸೆ ಹಿಟ್ಟಿನ ಹದ ಬಂದ್ರೆ ಸಾಕು, ಬೆಣ್ಣೆ ದೋಸೆ ಊರವರಿಗೆ ಆ ಹದ ಹೇಳ್ಕೊಡ್ಬೇಕಾ! ಮೇಲೆ ಅಲಂಕಾರ ಬೇಕೇ ಬೇಕು ಅಂದ್ರೆ ಚೆಂಡು ಹೂವಿನ ಎಸಳೇ ಪುಡಿ ಮಾಡಿ ಉದುರಿಸ್ರಿ. ಅಚ್ಚಿಗೆ ಹಾಕಿ ಒಂದೆರಡು ದಿನಕ್ಕೆ ಬಿಡಿಸಿ, ಗ್ಲೌಸ್ ಹಾಕ್ಕೊಂಡೇ ಕತ್ತರಿಸಿ ಆರು ವಾರ ಗಾಳಿಗೆ ಇಡ್ರಿ, ಕಿಟಕಿ ಹತ್ರ ಬೇಡ, ಅಲ್ಲಿಟ್ಟ ನನ್ನ ಒಂದು ಸಾಲು ಬೆಣ್ಣೆ ಬಣ್ಣಕ್ಕೆ ಇಳಿದೋಯ್ತು, ಕಪಾಟಲ್ಲಿ ಇಟ್ಟಿದ್ದು ಮಾತ್ರ ಇನ್ನೂ ಹಳದಿ ಐತೆ.