ಗಿಡಗಳಿರುವ ಅಕ್ವೇರಿಯಂಗೆ ತಳಹಾಸು ಮತ್ತು ಪೋಷಕಾಂಶಗಳ ಆಯ್ಕೆ

ಗಿಡಗಳಿರುವ ಸಿಹಿನೀರಿನ ಅಕ್ವೇರಿಯಂ ಸಿದ್ಧಪಡಿಸುವ ಹೊಸಬರು, ಯಾವ ಗಿಡಗಳನ್ನು ಬೆಳೆಸಬೇಕೆಂದು ನಿರ್ಧರಿಸಿದ ಮೇಲೆಯೇ ತಳಹಾಸನ್ನು (ತೊಟ್ಟಿಯ ತಳದಲ್ಲಿ ಹರಡುವ ಜಲ್ಲಿ ಅಥವಾ ಮಣ್ಣನ್ನು) ಕೊಳ್ಳುವುದು ಸರಿಯಾದ ಕ್ರಮ. ಜಾವಾ ಫರ್ನ್ ಮತ್ತು ಅನುಬಿಯಾಸ್ ಗಿಡಗಳನ್ನು ಕಲ್ಲಿಗೋ ಮರದ ತುಂಡಿಗೋ ಕಟ್ಟಿ ಬೆಳೆಸುವುದರಿಂದ ಅವುಗಳಿಗಾಗಿ ದುಬಾರಿ ಮಣ್ಣು ತರುವುದು ವ್ಯರ್ಥ; ಅವುಗಳ ದಪ್ಪ ಕಾಂಡವನ್ನು ಹೂತರೆ ಅದು ಕೊಳೆಯುತ್ತದೆ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್ (ಇದರ ಕೆಲವು ಪ್ರಭೇದಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಇವೆ) ಮುಂತಾದವು ಬೇರಿನಿಂದ ಹೆಚ್ಚು ಆಹಾರ ಹೀರುತ್ತವೆ.

ತೊಳೆದ, 2ರಿಂದ 3 ಮಿಲಿಮೀಟರ್ ಕಣಗಳ ಜಲ್ಲಿಯನ್ನು 5ರಿಂದ 7 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಬೇರಿನ ಬಳಿ ಗೊಬ್ಬರದ ಗುಳಿಗೆಗಳನ್ನು ಹುದುಗಿಸಬೇಕೆಂಬುದು ನನ್ನ ಸಲಹೆ. ಜಲ್ಲಿಯ ಮೇಲೆ ವಿನೆಗರ್ ಹನಿಸಿದಾಗ ನೊರೆಯುಕ್ಕಿದರೆ ಅದರಲ್ಲಿ ಸುಣ್ಣದ ಅಂಶವಿದೆ ಎಂದರ್ಥ. ಸುಣ್ಣವು ನೀರಿನ ಗಡಸುತನವನ್ನು ಹೆಚ್ಚಿಸುವುದರಿಂದ, ಕೊಳವೆಬಾವಿಯ ಗಡಸು ನೀರನ್ನು ಬಳಸುವವರು ಅಂಥ ಜಲ್ಲಿಯನ್ನು ಬಿಡಲೇಬೇಕು. ಅಕ್ವಾಸಾಯಿಲ್ (ಅಕ್ವೇರಿಯಂ ಗಿಡಗಳಿಗೆಂದೇ ತಯಾರಿಸಿದ ಹರಳು ರೂಪದ ಮಣ್ಣು) ಪೌಷ್ಟಿಕವೇನೋ ಹೌದು, ಆದರೆ ಅದರ ಹಲವು ಬಗೆಗಳು ಮೊದಲ ಕೆಲವು ವಾರ ಅಮೋನಿಯಾ ಬಿಡುವುದರಿಂದ, ನೀರಿನ ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ಅದರಿಂದ ಉಂಟಾಗುವ ನೈಟ್ರೈಟ್ (ಎರಡೂ ಮೀನಿಗೆ ವಿಷ) ಶೂನ್ಯಕ್ಕೆ ಇಳಿಯುವವರೆಗೆ ತೊಟ್ಟಿಗೆ ಮೀನು ಬಿಡಬಾರದು.

ದ್ರವಗೊಬ್ಬರದಲ್ಲಿ ಪೊಟ್ಯಾಸಿಯಂ, ಕಬ್ಬಿಣ ಮತ್ತು ಸೂಕ್ಷ್ಮ ಪೋಷಕಾಂಶಗಳಿರಲಿ. ಸಾರಜನಕ ಮತ್ತು ರಂಜಕಗಳು ಮೀನಿನ ತ್ಯಾಜ್ಯದಿಂದಲೂ ಸ್ವಲ್ಪಮಟ್ಟಿಗೆ ಸಿಗುತ್ತವೆ. ಹಳೆಯ ಎಲೆಗಳಲ್ಲಿ ಕಾಣುವ ಸಣ್ಣ ರಂಧ್ರಗಳು ಸಾಮಾನ್ಯವಾಗಿ ಪೊಟ್ಯಾಸಿಯಂ ಕೊರತೆಯನ್ನೂ, ಹೊಸ ಎಲೆಗಳ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದು ಕಬ್ಬಿಣದ ಕೊರತೆಯನ್ನೂ ಸೂಚಿಸುತ್ತವೆ. ತೋಟಕ್ಕೆ ಹಾಕುವ ಯೂರಿಯಾವನ್ನು ಮಾತ್ರ ತೊಟ್ಟಿಗೆ ಸುರಿಯಬೇಡಿ. ಬಾಟಲಿಯ ಮೇಲೆ ಸೂಚಿಸಿದ ಪ್ರಮಾಣದ ಅರ್ಧದಿಂದ ಆರಂಭಿಸಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆ ಉರಿಸಿ, ಎರಡು ವಾರ ಎಲೆಗಳನ್ನು ಗಮನಿಸಿದ ಬಳಿಕವೇ ಪ್ರಮಾಣವನ್ನು ಬದಲಿಸಿ.