ಗಾಳಿ ನೋಡಿ ಮ್ಯಾಚಿಗೆ ಹೊರಡಿ

ನಾನು ತೀರ್ಥಹಳ್ಳಿ ಕಡೆಯವಳು. ಮಳೆ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಇತ್ತು. ಅದು ಇಳಿದದ್ದು ಐರ್ಲೆಂಡಿನ ಪಶ್ಚಿಮ ತುದಿಯ ಮೇಯೋ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಕಾಸಲ್‌ಬಾರ್ ಊರಿನ ಮಕ್‌ಹೇಲ್ ಪಾರ್ಕ್ ಮೈದಾನದಲ್ಲಿ, ಕೈ ಕಾಲು ಎರಡರಿಂದಲೂ ಚೆಂಡು ಆಡುವ ಇಲ್ಲಿನ ದೇಸಿ ಆಟ ಗೇಲಿಕ್ ಫುಟ್‌ಬಾಲನ್ನು ನಾನು ಮೊದಲ ಸಲ ನೋಡಲು ಹೋದ ದಿನ. ಮಳೆ ಶುರುವಾಯಿತು, ಶಿವಮೊಗ್ಗದಲ್ಲಿ ಕೊಂಡಿದ್ದ ಮಡಚುವ ಕೊಡೆ ಬಿಚ್ಚಿದೆ. ಎರಡೇ ನಿಮಿಷ, ಕೊಡೆ ಬೋಗುಣಿಯಂತೆ ಮೇಲ್ಮುಖ ತಿರುಗಿತು. ಹಿಂದಿನ ಸಾಲಿನ ಅಜ್ಜನೊಬ್ಬ ಭುಜ ತಟ್ಟಿ, "ಮಡಚಿಬಿಡಮ್ಮಾ, ಅದರಿಂದ ನೀನು ನೆನೆಯುವುದೂ ತಪ್ಪಲ್ಲ, ನಮಗೆ ಆಟ ಕಾಣುವುದು ಮಾತ್ರ ತಪ್ಪುತ್ತೆ" ಎಂದ.

ಮಲೆನಾಡಿನ ಮಳೆ ಮೇಲಿನಿಂದ ಬೀಳುತ್ತದೆ. ಇಲ್ಲಿಯದು ಪಕ್ಕದಿಂದ ಬರುತ್ತದೆ. ಅದನ್ನು ತರುವುದು ಅಟ್ಲಾಂಟಿಕ್ ಸಮುದ್ರದ ನೈಋತ್ಯ ಗಾಳಿ. ದಿಕ್ಕಿನ ಹೆಸರು ನಮ್ಮ ಮುಂಗಾರಿನದ್ದೇ, ಸ್ವಭಾವ ಬೇರೆ.

ಇಲ್ಲಿ ನರ್ಸ್ ಕೆಲಸಕ್ಕೆ ಬಂದು ಎಂಟು ವರ್ಷವಾಯಿತು. ಈಗ ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಡಬ್ಲಿನ್, ಕಾರ್ಕ್ ಕಡೆಯ ಕನ್ನಡದವರು ಫೋನ್ ಮಾಡುತ್ತಾರೆ. "ಅಕ್ಕಾ, ಈ ಸಲ ಒಂದು ಚಾಂಪಿಯನ್‌ಶಿಪ್ ಮ್ಯಾಚ್ ನೋಡಬೇಕು, ಹೇಗೆ ಹೋಗೋದು?" ಚಾಂಪಿಯನ್‌ಶಿಪ್ ಎಂದರೆ ಕೌಂಟಿ ತಂಡಗಳ ನಡುವೆ ಪ್ರತಿ ವರ್ಷ ನಡೆಯುವ ಪಂದ್ಯಾವಳಿ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಬಾಯಿ ನೋಯುತ್ತದೆ, ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಒಂದು ಕೌಂಟಿ ಹಿಡಿಯಿರಿ. ನಮ್ಮಲ್ಲಿ ಹೊಸಬರನ್ನು ಕಂಡರೆ "ಯಾವೂರಾಯ್ತು?" ಅನ್ನುವ ಹಾಗೆ ಇಲ್ಲಿ "ಯಾವ ಕೌಂಟಿ?" ಎನ್ನುತ್ತಾರೆ. "ನಾನು ಸುಮ್ಮನೆ ಆಟ ನೋಡಲು ಬಂದೆ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮನೆ ಎಲ್ಲಿದೆಯೋ ಆ ಕೌಂಟಿಯನ್ನೇ ಹಿಡಿದರೆ ಸಲೀಸು. ಆಟಗಾರರಿಗೆ ಸಂಬಳ ಇಲ್ಲ, ಹರಾಜೂ ಇಲ್ಲ. ಭಾನುವಾರ ಹದಿನೈದು ಜನರ ತಂಡದಲ್ಲಿ ಆಡಿದವನು ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ, ಇಲ್ಲವೇ ಹಸುಗಳಿಗೆ ಮೇವು ಹಾಕುತ್ತಿರುತ್ತಾನೆ. ಹಾಗಾಗಿ ತಂಡ ಎಂದರೆ ಊರಿನ ಮಕ್ಕಳು. ಮೇಯೋದ ಬಣ್ಣ ಹಸಿರು ಮತ್ತು ಕೆಂಪು. ಗಾಲ್ವೇಯದು ಗಾಢ ಕೆಂಗಂದು ಮತ್ತು ಬಿಳಿ. ಡಬ್ಲಿನ್ ನೀಲಿ. ಕೆರ್ರಿ, ಡೊನಿಗಾಲ್ ಎರಡೂ ಹಸಿರು-ಚಿನ್ನ, ಅವೆರಡರ ನಡುವೆ ಮ್ಯಾಚ್ ಆದರೆ ಜನರನ್ನು ನೋಡಿ ಯಾರು ಯಾರ ಕಡೆ ಅಂತ ಹೇಳುವುದು ಹೊಸಬರಿಗೆ ಕಷ್ಟ. ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸುವ ಪದ್ಧತಿ ಇಲ್ಲಿ ಇಲ್ಲ. ಎದುರಾಳಿಯ ಜರ್ಸಿ ಹಾಕಿದವರು ನಿಮ್ಮ ಪಕ್ಕದಲ್ಲೇ ಕೂತು ಬಿಸ್ಕತ್ತು ಕೊಡುತ್ತಾರೆ. ಇಸಿದುಕೊಳ್ಳಿ.

ಅಂಕ ಓದುವುದನ್ನು ಕಲಿಯದೆ ಹೋಗಬೇಡಿ. ಗೋಲಿನ ಕಂಬ ಇಂಗ್ಲಿಷಿನ ಎಚ್ ಅಕ್ಷರದ ಹಾಗಿದೆ. ಅಡ್ಡಪಟ್ಟಿಯ ಕೆಳಗೆ ಚೆಂಡು ಹೋದರೆ ಗೋಲು, ಅದಕ್ಕೆ ಮೂರು ಪಾಯಿಂಟ್, ಬಿಳಿ ಕೋಟಿನ ಅಂಪೈರ್ ಹಸಿರು ಬಾವುಟ ಬೀಸುತ್ತಾರೆ. ಮೇಲಿನಿಂದ ಹೋದರೆ ಒಂದು ಪಾಯಿಂಟ್, ಬಿಳಿ ಬಾವುಟ. ಬೋರ್ಡಿನಲ್ಲಿ ಗೋಲು ಮೊದಲು, ಪಾಯಿಂಟ್ ಆಮೇಲೆ. 2024ರ ಫೈನಲ್‌ನಲ್ಲಿ ಆರ್ಮಾ 1-11, ಗಾಲ್ವೇ 0-13. ಗೋಲಿಗೆ ಮೂರರಂತೆ ಸೇರಿಸಿ ಲೆಕ್ಕ ಹಾಕಿದರೆ ಹದಿನಾಲ್ಕು ಮತ್ತು ಹದಿಮೂರು, ಆರ್ಮಾ ಒಂದೇ ಒಂದು ಪಾಯಿಂಟಿನಿಂದ ಗೆದ್ದಿತು. 2025ರಲ್ಲಿ ಹೊಸ ನಿಯಮ ಬಂತು. ಗೋಲಿನಿಂದ ನಲವತ್ತು ಮೀಟರ್ ದೂರದಲ್ಲಿ ಒಂದು ಕಮಾನು ಗೆರೆ ಎಳೆದಿದ್ದಾರೆ. ಅದರ ಹೊರಗಿನಿಂದ ಒದ್ದು ಅಡ್ಡಪಟ್ಟಿಯ ಮೇಲೆ ದಾಟಿಸಿದರೆ ಎರಡು ಪಾಯಿಂಟ್, ಕಿತ್ತಳೆ ಬಾವುಟ.

ಗಾಳಿಯ ಮಾತು ಮತ್ತೆ ಬರುವುದು ಇಲ್ಲೇ. ಟಾಸ್ ಗೆದ್ದವರು ಬೆನ್ನ ಹಿಂದೆ ಗಾಳಿ ಇಟ್ಟುಕೊಂಡು ಮೊದಲ ಮೂವತ್ತೈದು ನಿಮಿಷ ಆಡಿದರೆ, ದೂರದ ಒದೆತಗಳು ಒಂದೊಂದಕ್ಕೂ ಎರಡೆರಡು ಪಾಯಿಂಟ್ ತರುತ್ತವೆ. ಎದುರಿನವರು ಅದೇ ಜಾಗದಿಂದ ಒದ್ದರೆ ಚೆಂಡು ಗಾಳಿಯಲ್ಲಿ ನಿಂತು ಹಾಗೇ ಕೆಳಗೆ ಬೀಳುತ್ತದೆ. ನಮ್ಮ ತಂಡ ಅರ್ಧವಿರಾಮಕ್ಕೆ ಆರು ಪಾಯಿಂಟ್ ಮುಂದಿದೆ ಎಂದು ಕುಣಿದಾಡುತ್ತಿದ್ದಾಗ ನನ್ನ ಸಹೋದ್ಯೋಗಿ ಮುಖ ಸಪ್ಪಗೆ ಮಾಡಿ ಕೂತಿದ್ದಳು. "ಈ ಗಾಳಿಗೆ ಆರು ಸಾಲದು" ಎಂದಳು. ಸಾಲಲೇ ಇಲ್ಲ. ಅಂದಿನಿಂದ ಮೈದಾನಕ್ಕೆ ಕಾಲಿಟ್ಟ ಕೂಡಲೇ ನಾನು ಸ್ಟ್ಯಾಂಡಿನ ಮೇಲಿನ ಬಾವುಟ ನೋಡುತ್ತೇನೆ. ಯಾವ ಕಡೆ ಬೀಸುತ್ತಿದೆ, ಎಷ್ಟು ಬಿಗಿಯಾಗಿದೆ ಎಂದು ನೋಡಿದ ಮೇಲೆಯೇ ಎರಡೂ ಅರ್ಧದ ಅಂಕ ಅರ್ಥವಾಗುತ್ತದೆ.

ಹೊರಡುವ ಎರಡು ದಿನ ಮುಂಚೆ ಇಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್ ಏನು ಹೇಳುತ್ತದೆ ನೋಡಿ. ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಮಟ್ಟದ ಎಚ್ಚರಿಕೆ ಇದೆ. ಮಳೆಗೆ ಹಳದಿ ಎಂದರೆ ಇಲ್ಲಿಯವರು ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಳಿಗೆ ಕಿತ್ತಳೆ ಎಂದರೆ ಕಾರಿನ ಪ್ರಯಾಣವನ್ನೇ ಮರುಯೋಚಿಸಿ. ಗಂಟೆಗಂಟೆಯ ಪಟ್ಟಿಯಲ್ಲಿ ಮಳೆಯ ಹನಿ ಚಿತ್ರ ಬಿಟ್ಟು ಗಾಳಿಯ ಸಾಲನ್ನು ಓದಿ. ನಮ್ಮ ಸೋನೆ ಮಳೆಯಂಥದ್ದೊಂದು ಇಲ್ಲಿ ದಿನವಿಡೀ ಹಿಡಿಯುತ್ತದೆ, ಅದನ್ನು ಇವರು ಮಳೆ ಎಂದೇ ಎಣಿಸುವುದಿಲ್ಲ, "ಮೆತ್ತಗಿನ ದಿನ" ಎನ್ನುತ್ತಾರೆ. ಆದರೆ ಎರಡು ಗಂಟೆ ಅದರಲ್ಲಿ ಕೂತರೆ ಒಳಬಟ್ಟೆವರೆಗೂ ಇಳಿಯುತ್ತದೆ.

ಕೊಡೆ ಮನೆಯಲ್ಲೇ ಇರಲಿ. ತಲೆ ಮುಚ್ಚುವ ಟೋಪಿ ಇರುವ ಉದ್ದನೆಯ ರೇನ್‌ಕೋಟ್, ಒಳಗೆ ತೆಳುವಾದ ಎರಡು ಪದರ, ಕೂರಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ, ಕಾರಿನಲ್ಲಿ ಒಣ ಕಾಲುಚೀಲ. ಜೀನ್ಸ್ ಬೇಡವೇ ಬೇಡ, ಒಮ್ಮೆ ಒದ್ದೆಯಾದರೆ ರಾತ್ರಿ ಮನೆ ಸೇರುವವರೆಗೂ ಆರುವುದಿಲ್ಲ. ನಮ್ಮಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ದಿನವಿಡೀ ನಿಲ್ಲುತ್ತಿದ್ದರು. ಎರಡೂ ಕೈ ಬಿಡುವಾಗಿರಬೇಕು, ಬೆನ್ನು ಬೆಚ್ಚಗಿರಬೇಕು ಎಂಬ ಅವರ ಲೆಕ್ಕವೇ ಇಲ್ಲಿಯೂ ಸರಿ. ಹಾಗೆಂದು ಬಿಸಿಲನ್ನು ಮರೆಯಬೇಡಿ. ಫೈನಲ್ ನಡೆಯುವ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಕ್ಯೂಸಾಕ್ ಸ್ಟ್ಯಾಂಡಿನ ಸೀಟು ಸಿಕ್ಕರೆ ಮಧ್ಯಾಹ್ನದ ಸೂರ್ಯ ಸೀದಾ ಕಣ್ಣಿಗೆ. ಎದುರಿನ ಹೋಗನ್ ಸ್ಟ್ಯಾಂಡಿನಲ್ಲಿ ಸೂರ್ಯ ಬೆನ್ನ ಹಿಂದೆ. ಕೆಳಗಿನ ಮುಂದಿನ ಸಾಲುಗಳಿಗೆ ಮಾಡು ಸಾಕಾಗುವುದಿಲ್ಲ, ಟಿಕೆಟ್ ತೆಗೆಯುವಾಗಲೇ ಹಿಂದಿನ ಸಾಲು ನೋಡಿ. ಹಿಲ್ 16 ಎಂಬ ಕಡೆ ಮಾಡೂ ಇಲ್ಲ, ಕುರ್ಚಿಯೂ ಇಲ್ಲ, ನಿಂತೇ ನೋಡಬೇಕು. ಮಕ್ಕಳಿದ್ದರೆ ಅಲ್ಲಿ ಬೇಡ.

ಹೋಗನ್ ಸ್ಟ್ಯಾಂಡ್ ಅಂದೆನಲ್ಲ, ಅದರದ್ದೊಂದು ಕತೆ. 1920ರ ನವೆಂಬರ್ 21ರಂದು ಇದೇ ಮೈದಾನದಲ್ಲಿ ಆಟ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆ ಗುಂಡು ಹಾರಿಸಿ ಹದಿನಾಲ್ಕು ಜನ ಸತ್ತರು. ಅವರಲ್ಲಿ ಒಬ್ಬ ಟಿಪ್ಪರರಿ ತಂಡದ ಆಟಗಾರ ಮೈಕಲ್ ಹೋಗನ್. ಅದಕ್ಕೆ ಒಂದೂವರೆ ವರ್ಷ ಮೊದಲು ಜಲಿಯನ್‌ವಾಲಾ ಬಾಗ್. ಆ ಗುಂಡಿನ ದಾಳಿಯನ್ನು ಸರಿ ಎಂದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವೈಯರ್ ಕೂಡ ಟಿಪ್ಪರರಿ ಕೌಂಟಿಯವನೇ. ಇದನ್ನು ಪಕ್ಕದ ಸೀಟಿನವರಿಗೆ ಹೇಳಿದರೆ ಬಹಳ ಹೊತ್ತು ಸುಮ್ಮನಾಗುತ್ತಾರೆ.

ಟಿಕೆಟ್ ವಿಷಯ. ವಸಂತದಲ್ಲಿ ಐರ್ಲೆಂಡಿನ ನಾಲ್ಕು ಪ್ರಾಂತ್ಯಗಳ ಮ್ಯಾಚುಗಳು ಊರೂರಿನ ಮೈದಾನದಲ್ಲಿ ನಡೆಯುತ್ತವೆ, ಆನ್‌ಲೈನಿನಲ್ಲಿ ಟಿಕೆಟ್ ಸುಲಭ. ಮೊದಲ ಸಲ ಅಂಥದ್ದಕ್ಕೇ ಹೋಗಿ, ಆಟಗಾರರ ಉಸಿರಾಟವೂ ಕೇಳುತ್ತದೆ. ಜುಲೈ ಕೊನೆಯ ಫೈನಲ್ ಬೇರೆಯೇ ಲೋಕ. ಕ್ರೋಕ್ ಪಾರ್ಕಿನಲ್ಲಿ ಎಂಬತ್ತೆರಡು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ, ಆದರೂ ಆ ಟಿಕೆಟ್ ಮುಖ್ಯವಾಗಿ ಕೌಂಟಿ ಮತ್ತು ಊರಿನ ಕ್ಲಬ್ಬುಗಳ ಮೂಲಕವೇ ಹಂಚಿಕೆಯಾಗುತ್ತದೆ. ನಮ್ಮ ಮಗ ಊರಿನ ಕ್ಲಬ್ಬಿನಲ್ಲಿ ಆಡುತ್ತಾನೆ, ನಾನು ಶನಿವಾರ ಬೆಳಿಗ್ಗೆ ಅಲ್ಲಿ ನೀರಿನ ಬಾಟಲಿ ತುಂಬಿಸುತ್ತೇನೆ. ಫೈನಲ್ ಟಿಕೆಟಿಗೆ ಇರುವ ದಾರಿ ಅದು. ಬಂದ ಟಿಕೆಟನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಗೇಟಿನ ಹತ್ತಿರ ಅಷ್ಟು ಜನ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಇರುವುದಿಲ್ಲ.

ಇನ್ನು ದಾರಿ. ಕಾಸಲ್‌ಬಾರಿನಿಂದ ಡಬ್ಲಿನ್ನಿಗೆ ಸುಮಾರು 240 ಕಿಲೋಮೀಟರ್. ರೈಲಿನಲ್ಲಿ ಮೂರು ಗಂಟೆಗೂ ಹೆಚ್ಚು, ಹ್ಯೂಸ್ಟನ್ ನಿಲ್ದಾಣದಲ್ಲಿ ಇಳಿದು ಟ್ರ್ಯಾಮಿನ ಕೆಂಪು ಲೈನ್ ಹಿಡಿದು ಆಬಿ ಸ್ಟ್ರೀಟಿಗೆ ಬಂದರೆ ಅಲ್ಲಿಂದ ನಡಿಗೆ. ದಾರಿ ಕೇಳಬೇಕಿಲ್ಲ, ಜರ್ಸಿಗಳ ಹಿಂದೆ ಹೋದರಾಯಿತು. ಕಾರಿನವರು ಡಬ್ಲಿನ್ ಒಳಗೆ ಹೋಗುವ ಸಾಹಸ ಮಾಡಬೇಡಿ. ನಾವು ಮೇನೂತ್ ಊರಿನಲ್ಲಿ ಕಾರು ಬಿಟ್ಟು ಲೋಕಲ್ ರೈಲು ಹತ್ತಿ ಡ್ರಮ್‌ಕಾಂಡ್ರದಲ್ಲಿ ಇಳಿಯುತ್ತೇವೆ, ಮೈದಾನ ಅಲ್ಲಿಂದ ಹತ್ತು ನಿಮಿಷ. ಪ್ರಾಂತ್ಯದ ಮ್ಯಾಚುಗಳಿಗೆ ಯಾರದ್ದೋ ಹೊಲದಲ್ಲಿ ಕಾರು ನಿಲ್ಲಿಸಬೇಕಾದರೆ ಗೇಟಿನ ಹತ್ತಿರ, ಮೂತಿ ರಸ್ತೆ ಕಡೆ ಮಾಡಿ ನಿಲ್ಲಿಸಿ. ನಮ್ಮ ಕಾರು ಒಮ್ಮೆ ಕೆಸರಿನಲ್ಲಿ ಹೂತು, ನಮ್ಮನ್ನು ಸೋಲಿಸಿದ ತಂಡದವರೇ ನಾಲ್ಕು ಜನ ಬಂದು ತಳ್ಳಿದರು. ಅವರ ಪ್ಯಾಂಟಿಗೆ ಹಾರಿದ ಕೆಸರು ನೋಡಿ ನನಗೆ ಸ್ವಲ್ಪ ಸಮಾಧಾನವಾದದ್ದು ಸುಳ್ಳಲ್ಲ.

ವಾಪಸು ಬರಲು ತಡವಾಗಿ ಹೊರಡುವ ರೈಲನ್ನೇ ಕಾಯ್ದಿರಿಸಿ. ಈ ಒಂದು ಮಾತು ಅಂಡರ್‌ಲೈನ್ ಮಾಡಿಕೊಳ್ಳಿ. ಆಟ ಎಪ್ಪತ್ತು ನಿಮಿಷ, ವಿರಾಮ ಸೇರಿ ಒಂದೂಮುಕ್ಕಾಲು ಗಂಟೆ ಎಂದು ಲೆಕ್ಕ ಹಾಕಿ ನಾನು ಒಂದು ವರ್ಷ ಬಿಗಿಯಾದ ರೈಲು ಹಿಡಿದೆ. ಅಂಕ ಸಮವಾಯಿತು. ಇನ್ನಿಪ್ಪತ್ತು ನಿಮಿಷ ಹೆಚ್ಚುವರಿ ಆಟ. ಮರುದಿನ ಬೆಳಿಗ್ಗೆ ಡ್ಯೂಟಿ, ಬೇರೆ ರೈಲಿಲ್ಲ, ಎದ್ದು ಹೊರಟೆ. ಬೀದಿಯಲ್ಲಿ ನಡೆಯುವಾಗ ಬೆನ್ನ ಹಿಂದೆ ಮೈದಾನ ಭೋರೆಂದು ಕೂಗಿತು. ಗೋಲು ಯಾರದು ಎಂದು ಆ ಕೂಗಿನಲ್ಲಿ ಗೊತ್ತಾಗುವುದಿಲ್ಲ. ಟ್ರ್ಯಾಮಿನಲ್ಲಿ ಕಿವಿಗೆ ರೇಡಿಯೋ ಹಚ್ಚಿಕೊಂಡಿದ್ದ ಒಬ್ಬರ ಮುಖ ನೋಡುತ್ತಾ ಹೋದೆ, ಅವರ ಹುಬ್ಬು ಇಳಿದಾಗ ತಿಳಿಯಿತು.

ಊಟಕ್ಕೆ ಇಲ್ಲಿಯವರು ಕಾರಿನ ಡಿಕ್ಕಿ ತೆರೆದು ಹ್ಯಾಮ್ ಸ್ಯಾಂಡ್‌ವಿಚ್, ಫ್ಲಾಸ್ಕಿನ ಚಹಾ ಹಂಚುತ್ತಾರೆ. ನಮ್ಮ ಡಿಕ್ಕಿಯಲ್ಲಿ ಪುಳಿಯೋಗರೆ ಇರುತ್ತದೆ, ಇಡೀ ದಿನ ಕೆಡುವುದಿಲ್ಲ. ಒಳಗೆ ಒಯ್ಯಲು ಆಲೂಗಡ್ಡೆ ಪಲ್ಯ ಸುತ್ತಿದ ಚಪಾತಿ, ಒಂದೇ ಕೈಯಲ್ಲಿ ತಿನ್ನಬಹುದು. ಕ್ರೋಕ್ ಪಾರ್ಕಿನಲ್ಲಿ ಎ4 ಕಾಗದಕ್ಕಿಂತ ದೊಡ್ಡ ಚೀಲ ಬಿಡುವುದಿಲ್ಲ, ಗಾಜಿನ ಬಾಟಲಿಯೂ ಬೇಡ. ಮ್ಯಾಚಿಗೆ ಮುಂಚೆ ರಾಷ್ಟ್ರಗೀತೆ ಐರಿಷ್ ಭಾಷೆಯಲ್ಲಿ ಬರುತ್ತದೆ, ಟೋಪಿ ತೆಗೆದು ನಿಲ್ಲಿ. ಕೊನೆಯ ಸಾಲು ಮುಗಿಯುವ ಮೊದಲೇ ಜನ ಕೂಗಲು ಶುರು ಮಾಡುತ್ತಾರೆ, ಅದು ಅಗೌರವ ಅಲ್ಲ, ತಡೆಯಲಾರದೆ.

ಮೇಯೋದವರ ಜತೆ ಹೋಗುವವರಿಗೆ ಒಂದು ಕಿವಿಮಾತು. ಈ ಕೌಂಟಿ ಕೊನೆಯ ಸಲ ಚಾಂಪಿಯನ್‌ಶಿಪ್ಪಿನ ಸ್ಯಾಮ್ ಮಗ್ವಾಯರ್ ಕಪ್ ಗೆದ್ದದ್ದು 1951ರಲ್ಲಿ. 1989ರಿಂದ 2021ರ ತನಕ ಹನ್ನೊಂದು ಫೈನಲ್ ಆಡಿ ಹನ್ನೊಂದನ್ನೂ ಸೋತಿದೆ. 1951ರಲ್ಲಿ ಗೆದ್ದು ಬರುವಾಗ ದಾರಿಯಲ್ಲಿ ಒಂದು ಶವಯಾತ್ರೆಗೆ ಗೌರವ ಕೊಡಲಿಲ್ಲ, ಪಾದ್ರಿ ಶಾಪ ಹಾಕಿದರು ಎಂಬ ಕತೆ ಊರಲ್ಲಿದೆ. ತಲಕಾಡಿನ ಶಾಪ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ, ಆದರೂ ಸೋತ ಮರುದಿನ ಅದರ ಸುದ್ದಿ ಎತ್ತಬೇಡಿ. "ಬರೀ ಆಟ ತಾನೇ" ಎಂದು ಸಮಾಧಾನವನ್ನೂ ಹೇಳಬೇಡಿ. ನಾನೊಮ್ಮೆ ಹೇಳಿ, ವಾರ್ಡಿನಲ್ಲಿ ಮೂರು ದಿನ ಒಬ್ಬಳೇ ಚಹಾ ಕುಡಿದೆ. "ಗಾಳಿ ಕೈಕೊಟ್ಟಿತು" ಎನ್ನಿ, ಸಾಕು.

ಮನೆಗೆ ಬಂದ ಕೂಡಲೇ ರೇನ್‌ಕೋಟನ್ನು ಸ್ನಾನದ ಮನೆಯಲ್ಲಿ ನೇತುಹಾಕಿ, ಶೂ ಒಳಗೆ ಹಳೆ ಪೇಪರ್ ಉಂಡೆ ಮಾಡಿ ತುರುಕಿ. ಒಂದು ಸಲ ಬದಲಾಯಿಸಿದರೆ ಎರಡು ದಿನಕ್ಕೆ ಒಣಗುತ್ತದೆ. ಗೆದ್ದ ವಾರ ಕ್ರೀಡಾಪುಟ ಎತ್ತಿಟ್ಟು ಜಾಹೀರಾತಿನ ಪುಟ ತುರುಕುತ್ತೇವೆ. ಸೋತ ವಾರ ನನ್ನ ಮಗ ಕ್ರೀಡಾಪುಟವನ್ನೇ ಹುಡುಕಿ ತರುತ್ತಾನೆ.